ಹತ್ತೊಂಬತ್ತು ವರ್ಷದ ಮೇಲೆ ಮತ್ತೆ ವಂಡರ್‌ಲಾ: ನಲವತ್ತು ದಾಟಿದ ಗೆಳೆಯರ ಗುಂಪಿಗೊಂದು ಪ್ಲಾನ್

ನಾವು ಕಾಲೇಜಿನವರು ಒಟ್ಟಿಗೆ ಬೆಂಗಳೂರಿನ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ದು 2006ರಲ್ಲಿ. ಫೈನಲ್ ಇಯರ್. ಪಾರ್ಕ್ ಶುರುವಾಗಿದ್ದು 2005ರಲ್ಲಿ, ಇನ್ನೂ ಹೊಸ ಬಣ್ಣದ ವಾಸನೆ ಇತ್ತು. ಆಗ ಪ್ಲಾನ್ ಅಂದರೆ ಇಷ್ಟೇ: ಗೇಟ್ ತೆಗೆದ ತಕ್ಷಣ ಓಡೋದು.

ಮತ್ತೆ ಹೋಗಿದ್ದು 2025ರ ಫೆಬ್ರವರಿಯಲ್ಲಿ. ಆರು ಜನ. ಒಬ್ಬನಿಗೆ ಬಿಪಿ, ಒಬ್ಬಳಿಗೆ ಸೊಂಟ ನೋವು, ಮೂವರಿಗೆ ಚಾಳೀಸು. ಗೇಟಿನಲ್ಲಿ ಟಿಕೆಟ್ ತೋರಿಸೋಕೆ ಫೋನನ್ನು ಕೈ ಉದ್ದಕ್ಕೆ ದೂರ ಹಿಡಿದುಕೊಂಡು ಹುಡುಕುತ್ತಿದ್ದೆ. ಹಿಂದೆ ನಿಂತಿದ್ದ ಹುಡುಗ, 'ಅಂಕಲ್, ಬ್ರೈಟ್‌ನೆಸ್ ಜಾಸ್ತಿ ಮಾಡಿ' ಅಂದ. ನಾವು ಯಾವ ಸಾಲಿಗೆ ಸೇರಿದವರು ಅಂತ ಅಲ್ಲೇ ತೀರ್ಮಾನ ಆಯಿತು.

ಆದರೂ ದಿನ ಚೆನ್ನಾಗಿ ಹೋಯಿತು. ಅದಕ್ಕೆ ಕಾರಣ, ಈ ಸಲ ಸ್ವಲ್ಪ ಯೋಚನೆ ಮಾಡಿ ಹೋಗಿದ್ದು. ಎಲ್ಲಿ ಎಡವಿದೆವು ಅನ್ನೋದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ತಾರೀಕು, ಅದರ ಹಿಂದೆಯೇ ದುಡ್ಡು

ವಾಟ್ಸಾಪ್ ಗ್ರೂಪಿನಲ್ಲಿ 'ಎಲ್ಲರಿಗೂ ಯಾವಾಗ ಆಗುತ್ತೆ?' ಅಂತ ಕೇಳಬೇಡಿ. ನಾವು ಹಾಗೆ ಕೇಳಿ ಎರಡು ವರ್ಷ ಕಳೆದೆವು. ಹೆಬ್ಬೆರಳು ಎತ್ತಿದವರು ಹನ್ನೊಂದು ಜನ, ರಜೆ ಹಾಕಿದವರು ಸೊನ್ನೆ. ಕೊನೆಗೆ ನಮ್ಮ ಗುಂಪಿನ ಬ್ಯಾಂಕ್ ಮ್ಯಾನೇಜರ್ ಒಂದು ದಿನ ಎರಡೇ ತಾರೀಕು ಹಾಕಿದಳು. ಕೆಳಗೆ ಒಂದು ಸಾಲು: 'ಭಾನುವಾರದ ಒಳಗೆ ತಲೆಗೆ 2,000 ಕಳಿಸಿದವರು ಬರುತ್ತಾರೆ ಅಂತ ಲೆಕ್ಕ.' ಹನ್ನೊಂದು ಆರಕ್ಕೆ ಇಳಿಯಿತು. ಆ ಆರು ಜನ ನಿಜವಾಗಿಯೂ ಬಂದರು. ಸಾಲ ವಸೂಲಿ ಮಾಡಿ ಪಳಗಿದ ಕೈ, ಅಲ್ವಾ?

ತಾರೀಕು ಆರಿಸೋವಾಗ ಒಂದು ವಿಷಯ ತಲೆಯಲ್ಲಿರಲಿ. ಶನಿವಾರ, ಭಾನುವಾರ, ದಸರಾ ರಜೆ, ಬೇಸಿಗೆ ರಜೆ, ಕ್ರಿಸ್ಮಸ್ ವಾರ, ಇವೆಲ್ಲ ಜಾತ್ರೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುವುದು ನವೆಂಬರ್‌ನಿಂದ ಜನವರಿವರೆಗಿನ ವಾರದ ದಿನಗಳಲ್ಲಿ. ಅದು ಶಾಲಾ ಪ್ರವಾಸದ ಕಾಲ. ಬುಧವಾರ ಖಾಲಿ ಇರುತ್ತೆ ಅಂದುಕೊಂಡು ಹೋದರೆ, ಪಾರ್ಕಿಂಗಿನಲ್ಲೇ ಸಾಲಾಗಿ ಶಾಲೆ ಬಸ್ಸು, ಒಂದೇ ಬಣ್ಣದ ಟೋಪಿ ಹಾಕಿದ ಮಕ್ಕಳು, ತಲೆ ಎಣಿಸುತ್ತಾ ನಿಂತ ಮೇಷ್ಟ್ರು.

ನನ್ನ ಆಯ್ಕೆ ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಮಧ್ಯದವರೆಗಿನ ಮಂಗಳವಾರ, ಬುಧವಾರ, ಗುರುವಾರ. ಊರಿಗೆ ಊರೇ ಪರೀಕ್ಷೆ ಜ್ವರದಲ್ಲಿರುತ್ತದೆ. ಬಿಸಿಲು ಇರುತ್ತದೆ, ಆದರೆ ಸುಡುವಷ್ಟಿಲ್ಲ. ನಿಮ್ಮ ಗುಂಪಿನಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳ ಅಪ್ಪ-ಅಮ್ಮ ಇದ್ದರೆ ಆ ತಿಂಗಳು ಬಿಡಿ. ಶಾಲೆ ಶುರುವಾದ ಮೇಲೆ ಜೂನ್ ಕೊನೆ, ಜುಲೈ ನೋಡಿ. ಜಿಟಿಜಿಟಿ ಮಳೆಗೆ ಹೆದರಬೇಕಾಗಿಲ್ಲ, ಹೇಗೂ ಒದ್ದೆಯಾಗೋಕೆ ಹೋಗ್ತಿರೋದು. ಏಪ್ರಿಲ್, ಮೇ ಸಂಜೆಯ ಗುಡುಗು-ಮಿಂಚು ಬೇರೆ ಕಥೆ. ಮಿಂಚು ಕಂಡರೆ ಎತ್ತರದ ರೈಡ್ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು.

ಟಿಕೆಟ್ ಆನ್‌ಲೈನಲ್ಲೇ ತೆಗೆದುಕೊಳ್ಳಿ. ವಾರದ ದಿನಕ್ಕೆ ಒಂದು ದರ, ರಜಾದಿನಕ್ಕೆ ಇನ್ನೊಂದು. ಕ್ಯೂ ತಪ್ಪಿಸೋ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಅಂತ ಇದೆ, ಅದು ಸಾಕಷ್ಟು ದುಬಾರಿ. ರಜಾದಿನವೇ ಗತಿ ಅನ್ನೋರು ಕಣ್ಣು ಮುಚ್ಚಿಕೊಂಡು ತಗೊಳ್ಳಿ, ನಲವತ್ತರ ಮಂಡಿಗೆ ಮುಕ್ಕಾಲು ಗಂಟೆ ಕ್ಯೂ ಆಗಿಬರುವುದಿಲ್ಲ. ಫೆಬ್ರವರಿಯ ಬುಧವಾರಕ್ಕೆ ಅದು ದಂಡ. ಇನ್ನೊಂದು: ರೈಡ್ ಹತ್ತದೆ ಸುಮ್ನೆ ಜೊತೆಗೆ ಬರೋರಿಗೂ ಟಿಕೆಟ್ ಬೇಕು. ಇದನ್ನು ಮೊದಲೇ ಹೇಳಿಬಿಡಿ, ಗೇಟಿನಲ್ಲಿ ಮುಖ ಸಣ್ಣ ಆಗೋದು ಬೇಡ.

ಯಾರ ಮೈ ಹೇಗಿದೆ

ಇದನ್ನು ಮಾತಾಡೋಕೆ ಎಲ್ಲರಿಗೂ ಸಂಕೋಚ. ಆದರೆ ಹೋಗೋಕೆ ಎರಡು ವಾರ ಮುಂಚೆ ಒಂದು ಸಲ ಫೋನ್ ಮಾಡಿ ಕೇಳಿಬಿಡಬೇಕು. ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ಬಿಪಿ, ಬೆನ್ನುಹುರಿ ಅಥವಾ ಕತ್ತಿನ ಸಮಸ್ಯೆ, ಮೂರ್ಛೆ, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು, ಇವರು ದೊಡ್ಡ ರೈಡ್ ಹತ್ತಬಾರದು. ಪ್ರತಿ ರೈಡಿನ ಮುಂದೆ ಬೋರ್ಡ್ ಇರುತ್ತದೆ. ಆದರೆ ಅದನ್ನು ಕ್ಯೂ ಮುಗಿದ ಮೇಲೆ ಓದಿ ಏನು ಪ್ರಯೋಜನ?

ನಮ್ಮ ಬಿಪಿ ಗೆಳೆಯ ಡಾಕ್ಟರನ್ನು ಕೇಳಿಕೊಂಡೇ ಬಂದಿದ್ದ. ತಲೆಕೆಳಗಾಗೋದು ಬೇಡ, ನೀರಾಟ ಪರವಾಗಿಲ್ಲ ಅಂದಿದ್ದರಂತೆ. ಅವನನ್ನು ಯಾರೂ ರೇಗಿಸಬಾರದು ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೆವು. ಇಪ್ಪತ್ತರಲ್ಲಿ 'ಏ ಹೆದರುಪುಕ್ಲ, ಬಾರೋ' ಅಂತ ಎಳೆದುಕೊಂಡು ಹೋಗಿದ್ದು ತಮಾಷೆ. ಈಗ ಹಾಗೆ ಎಳೆಯೋದು ಅಪಾಯ.

ಆಮೇಲೆ ತಲೆಸುತ್ತು. ಚಿಕ್ಕವರಿದ್ದಾಗ ಎಷ್ಟು ಗಿರಗಿರ ತಿರುಗಿದರೂ ಏನೂ ಆಗದವರಿಗೂ ಈಗ ಹೊಟ್ಟೆ ತೊಳಸುತ್ತದೆ. ಕಣ್ಣು ಹೇಳೋದು ಒಂದು, ಕಿವಿಯೊಳಗೆ ಸಮತೋಲನ ನೋಡಿಕೊಳ್ಳೋ ಅಂಗ ಹೇಳೋದು ಇನ್ನೊಂದು. ಎರಡಕ್ಕೂ ತಾಳೆ ಆಗದಿದ್ದಾಗ ವಾಂತಿ ಬರೋ ಹಾಗಾಗುತ್ತದೆ. ಬಸ್ಸಿನಲ್ಲಿ ವಾಂತಿ ಆಗೋರಿಗೆ ಇದು ಹೊಸದೇನಲ್ಲ. ಅವೊಮಿನ್ ತರದ ಮಾತ್ರೆ ನುಂಗೋರು ಅದರಿಂದ ನಿದ್ದೆ ಬರುತ್ತೆ ಅನ್ನೋದು ನೆನಪಿಡಿ. ಬೇರೆ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳದೆ ನುಂಗಬೇಡಿ. ಮಾತ್ರೆ ನುಂಗಿದವರು ಗಾಡಿ ಓಡಿಸೋದಂತೂ ಬೇಡ.

ಬ್ಯಾಗು, ಬಟ್ಟೆ, ಉಂಗುರ

ನೀರಿಗೆ ಇಳಿಯೋಕೆ ನೈಲಾನ್, ಲೈಕ್ರಾ ತರದ ಬಟ್ಟೆಯೇ ಬೇಕು. ಜೀನ್ಸ್, ಹತ್ತಿ ಬಟ್ಟೆ, ಸೀರೆ, ದುಪಟ್ಟಾ ಆಗುವುದಿಲ್ಲ. ಒಳಗೆ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅಳತೆ ಸರಿಯಿಲ್ಲದ ಬಟ್ಟೆಯಲ್ಲಿ ದಿನವಿಡೀ ಎಳೆದುಕೊಂಡು ಓಡಾಡೋದಕ್ಕಿಂತ ಮನೆಯಿಂದಲೇ ಒಯ್ಯುವುದು ವಾಸಿ. ಮೈತುಂಬ ಮುಚ್ಚೋ ಈಜುಡುಗೆಯೂ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಗೆಳತಿಯರು ಕಪ್ಪು ಲೆಗಿಂಗ್ಸ್ ತರದ ಲೈಕ್ರಾ ಪ್ಯಾಂಟು, ಜಿಮ್ಮಿಗೆ ಹಾಕೋ ಟೀ-ಶರ್ಟಿನಲ್ಲಿ ಆರಾಮವಾಗಿದ್ದರು. ಒಣ ಬಟ್ಟೆ ಒಂದು ಜೊತೆ, ಟವೆಲ್, ಒದ್ದೆ ಬಟ್ಟೆ ತುಂಬೋಕೆ ಪ್ಲಾಸ್ಟಿಕ್ ಚೀಲ. ಕಾಲಿಗೆ ಪಟ್ಟಿ ಇರೋ ರಬ್ಬರ್ ಚಪ್ಪಲಿ. ಮಧ್ಯಾಹ್ನ ಬರಿಗಾಲಲ್ಲಿ ಸಿಮೆಂಟಿನ ಮೇಲೆ ನಡೆದರೆ ಕಾವಲಿ ಮೇಲೆ ಕಾಲಿಟ್ಟ ಹಾಗೆ.

ಈಗ ನಮ್ಮ ತಪ್ಪು. ಚಿನ್ನ ಮನೆಯಲ್ಲೇ ಬಿಟ್ಟು ಬನ್ನಿ ಅಂತ ಎಲ್ಲರಿಗೂ ಹೇಳಿದ್ದೆ. ಸರ, ಓಲೆ, ಬಳೆ ಎಲ್ಲ ಬಿಟ್ಟು ಬಂದರು. ಮಾಂಗಲ್ಯ ತೆಗೆಯಲ್ಲ ಅಂದವಳು ಅದನ್ನು ಬಟ್ಟೆಯೊಳಗೆ ಸೇರಿಸಿ ಸೇಫ್ಟಿ ಪಿನ್ ಹಾಕಿಕೊಂಡಳು. ಉಂಗುರದ ಬಗ್ಗೆ ಮಾತ್ರ ಯಾರಿಗೂ ಹೊಳೆಯಲಿಲ್ಲ. ತಣ್ಣೀರಿನಲ್ಲಿ ಹೊತ್ತು ಕಳೆದರೆ ಬೆರಳು ಸೊರಗುತ್ತದೆ. ಮನೆಯಲ್ಲಿ ಸೋಪು ಹಚ್ಚಿದರೂ ಬಾರದಿದ್ದ ನಮ್ಮ ಮೈಸೂರಿನ ಗೆಳೆಯನ ಮದುವೆ ಉಂಗುರ ವೇವ್ ಪೂಲಿನಲ್ಲಿ ಸದ್ದಿಲ್ಲದೆ ಜಾರಿಹೋಯಿತು. ಅರ್ಧ ಗಂಟೆ ಕಾಲಿನಿಂದ ತಡಕಿದೆವು. ಸಿಗಲಿಲ್ಲ. ಅವನು ಮನೆಗೆ ಫೋನ್ ಮಾಡಿ ಹೇಳಿದ ರೀತಿ ಇಲ್ಲಿ ಬರೆಯುವಂಥದ್ದಲ್ಲ.

ಕನ್ನಡಕದವರು ಹಿಂದೆ ಕಟ್ಟೋ ದಾರ ತನ್ನಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ನೀರಿಗಿಳಿಯಬೇಡಿ. ನಮ್ಮಲ್ಲಿ ಮೈನಸ್ ಐದು ಪವರಿನವಳೊಬ್ಬಳು ಕನ್ನಡಕ ಲಾಕರಿನಲ್ಲಿಟ್ಟು ಬಂದು, ಟ್ಯೂಬಿನಲ್ಲಿ ಕೂತು ನಿಧಾನಕ್ಕೆ ತೇಲೋ ಲೇಜಿ ರಿವರಿನಲ್ಲಿ ಯಾರದೋ ಟ್ಯೂಬ್ ಹಿಡಿದುಕೊಂಡು ಅರ್ಧ ಸುತ್ತು ಸಂಸಾರದ ಕಷ್ಟ ಹೇಳಿಕೊಂಡಳು. ಅದು ನಮ್ಮ ಗುಂಪಿನವರ ಟ್ಯೂಬ್ ಆಗಿರಲಿಲ್ಲ.

ಮತ್ತೆ, ಒಂದು ಅಗ್ಗದ ನೀರು ತಾಗಿದರೆ ಕೆಡದ ವಾಚು. ಫೋನು ಲಾಕರಿಗೆ ಹೋದ ಮೇಲೆ ಗಂಟೆ ಎಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಈ ಕಾಲದಲ್ಲಿ ವಾಚ್ ಕಟ್ಟೋರು ಯಾರಿದ್ದಾರೆ? 'ಒಂದೂವರೆಗೆ ಲಾಕರ್ ಹತ್ತಿರ' ಅಂತ 2006ರ ಹಾಗೆ ಜಾಗ-ಹೊತ್ತು ಹೇಳಿಕೊಂಡೇ ಚದುರಬೇಕು. ಇದು ನನಗೆ ಯಾಕೋ ತುಂಬ ಇಷ್ಟವಾಯಿತು.

ದಾರಿ ಮತ್ತು ತಟ್ಟೆ ಇಡ್ಲಿ

ಪಾರ್ಕ್ ಇರೋದು ಮೈಸೂರು ರಸ್ತೆಯಲ್ಲಿ, ಬಿಡದಿಗೆ ಸ್ವಲ್ಪ ಮುಂಚೆ. ಬೆಂಗಳೂರಿನ ಮಧ್ಯದಿಂದ ಸುಮಾರು 28 ಕಿಲೋಮೀಟರ್. ರಸ್ತೆ ಮಾತ್ರ ನಾವು ನೋಡಿದ ರಸ್ತೆಯಲ್ಲ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆಯಿತು. ಹಳೇ ನೆನಪಿನಲ್ಲಿ 'ನನಗೆ ದಾರಿ ಗೊತ್ತು' ಅನ್ನೋರನ್ನು ಡ್ರೈವರ್ ಸೀಟಿನಿಂದ ದೂರ ಇಡಿ. ಪಾರ್ಕಿಗೆ ಹೋಗೋರು ಪಕ್ಕದ ಸರ್ವಿಸ್ ರಸ್ತೆಯಲ್ಲೇ ಇರಬೇಕು, ದೊಡ್ಡ ರಸ್ತೆ ಹಿಡಿದರೆ ತಿರುವು ತಪ್ಪಿ ಮುಂದೆ ಹೋಗಿ ಸುತ್ತಿ ಬರಬೇಕಾಗುತ್ತದೆ. ಆ ದೊಡ್ಡ ರಸ್ತೆಯಲ್ಲಿ ಬೈಕು, ಆಟೋಗಳಿಗೆ 2023ರ ಆಗಸ್ಟಿನಿಂದ ಪ್ರವೇಶವೂ ಇಲ್ಲ. ಜಿಲ್ಲೆಯ ಹೆಸರೂ ಬದಲಾಗಿದೆ, ರಾಮನಗರ ಹೋಗಿ ಬೆಂಗಳೂರು ದಕ್ಷಿಣ ಆಗಿದೆ. ಅದು ಬೇರೆ ಚರ್ಚೆ.

ಕಾರು ಬೇಡ ಅನ್ನೋರಿಗೆ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದವರೆಗೆ ಬರುತ್ತದೆ. ಅಲ್ಲಿಂದ ಕ್ಯಾಬ್ ಅಥವಾ ಬಿಡದಿ ಕಡೆಯ ಬಸ್ಸು. ವೈಟ್‌ಫೀಲ್ಡಿನಿಂದ ಬರೋ ಗೆಳೆಯ ಕಾರಿನವರಿಗಿಂತ ಮೊದಲು ಬಂದು, ಕಾದು ಕಾದು ಸಿಟ್ಟಾಗಿದ್ದ.

ಬಿಡದಿ ಅಂದ ಮೇಲೆ ತಟ್ಟೆ ಇಡ್ಲಿ ಬಿಡೋಕಾಗುತ್ತಾ? ಪಾರ್ಕಿನ ಗೇಟ್ ತೆಗೆಯೋದು ಸಾಮಾನ್ಯವಾಗಿ 11ಕ್ಕೆ. ಒಂಬತ್ತಕ್ಕೆ ಬಿಡದಿಯಲ್ಲಿದ್ದರೆ ಸಾಕಷ್ಟು ಹೊತ್ತು ಇರುತ್ತದೆ. ಎರಡು ಇಡ್ಲಿ, ಕಾಯಿ ಚಟ್ನಿ, ಒಂದು ಕಾಫಿ. ಅಲ್ಲಿಗೆ ನಿಲ್ಲಿಸಿ. ಬೆಣ್ಣೆ ಇಡೀ ತಟ್ಟೆಗೆ ಕರಗಿ ಹರಡೋದನ್ನು ನೋಡುತ್ತಾ ನಾಲ್ಕನೇ ಇಡ್ಲಿ ಹೇಳಿದವನ ಗತಿ ಏನಾಯಿತು ಅಂತ ಮುಂದೆ ಬರುತ್ತದೆ. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಅದರಲ್ಲೂ ತಲೆಸುತ್ತು ಜಾಸ್ತಿ.

ಒಳಗೆ: ಯಾವುದು ಮೊದಲು

ಅರವತ್ತಕ್ಕೂ ಹೆಚ್ಚು ರೈಡ್ ಇವೆ. ಎಲ್ಲವನ್ನೂ ಮುಗಿಸುತ್ತೇವೆ ಅಂತ ಹೊರಡಬೇಡಿ. ಹಿಂದಿನ ದಿನವೇ ಪ್ರತಿಯೊಬ್ಬರೂ 'ಇದಂತೂ ಬೇಕೇ ಬೇಕು' ಅನ್ನೋ ಒಂದೇ ಒಂದು ರೈಡ್ ಹೇಳಲಿ. ನಮ್ಮ ಆರು ಜನರಿಂದ ಐದು ಹೆಸರು ಬಂದವು. ದಿನಕ್ಕೆ ಅಷ್ಟೇ ಗುರಿ. ಉಳಿದದ್ದು ಸಿಕ್ಕರೆ ಸಿಕ್ಕಿತು.

ಬೆಳಿಗ್ಗೆ ಮೊದಲು ಒಣ ರೈಡ್‌ಗಳು. ಮೈ ಒಣಗಿರುತ್ತದೆ, ಕ್ಯೂ ಸಣ್ಣದಿರುತ್ತದೆ, ಧೈರ್ಯವೂ ಇನ್ನೂ ಉಳಿದಿರುತ್ತದೆ. ಆದರೆ ನೇರ ದೊಡ್ಡದಕ್ಕೆ ನುಗ್ಗಬೇಡಿ. ಹಡಗಿನ ಹಾಗೆ ತೂಗೋ ಒಂದರಲ್ಲಿ ಮೈ ಪರೀಕ್ಷೆ ಮಾಡಿಕೊಳ್ಳಿ. ಅಂಥದ್ದರಲ್ಲಿ ನಡುವಿನ ಸಾಲಿಗೆ ತೂಗು ಕಡಿಮೆ, ಎರಡು ತುದಿಗೆ ಜಾಸ್ತಿ. ನಡುವೆ ಕೂತು ಇಳಿದ ಮೇಲೂ ನೆಲ ತೂಗುತ್ತಿದ್ದರೆ, ಇವತ್ತು ನಿಮ್ಮ ದಿನವಲ್ಲ ಅಂತ ಒಪ್ಪಿಕೊಂಡುಬಿಡಿ.

ಆಮೇಲೆ ರಿಕಾಯ್ಲ್ ಅನ್ನೋ ರೋಲರ್ ಕೋಸ್ಟರ್. ನಮ್ಮ ಐದು ಹೆಸರಿನಲ್ಲಿ ಮೊದಲನೆಯದು ಅದೇ. ಇದು 2006ರಲ್ಲಿ ಇರಲಿಲ್ಲ. ಗಾಡಿಯನ್ನು ಮೊದಲು ಹಿಂದಕ್ಕೆ ಎಳೆದು ಮೇಲೇರಿಸುತ್ತಾರೆ. ನೀವು ನೆಲ ನೋಡುತ್ತಾ ನೇತಾಡುತ್ತಿರುತ್ತೀರಿ. ಬಿಟ್ಟ ಕೂಡಲೇ ನೀವು ಹತ್ತಿದ ಕಟ್ಟೆಯನ್ನೇ ದಾಟಿ ಮುಂದಕ್ಕೆ ನುಗ್ಗಿ, ತಲೆಕೆಳಗಾಗಿ, ಆ ಕಡೆಯ ಏರಿಗೆ ಹತ್ತಿ ನಿಲ್ಲುತ್ತದೆ. ಮುಗಿಯಿತು ಅಂತ ಉಸಿರು ಬಿಡೋ ಹೊತ್ತಿಗೆ ಅಷ್ಟೂ ಮತ್ತೆ, ಈ ಸಲ ಹಿಮ್ಮುಖವಾಗಿ. ಕಷ್ಟ ಇರೋದು ಎರಡನೇ ಅರ್ಧದಲ್ಲಿ. ಮುಂದೆ ಏನು ಬರುತ್ತೆ ಅಂತ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಕತ್ತು ಸಿದ್ಧವಾಗಿರುವುದಿಲ್ಲ. ಹತ್ತಿದ ಕ್ಷಣದಿಂದ ಇಳಿಯೋವರೆಗೆ ತಲೆಯನ್ನು ಹಿಂದಿನ ದಿಂಬಿಗೆ ಗಟ್ಟಿಯಾಗಿ ಒತ್ತಿಕೊಂಡಿರಿ. ಪಕ್ಕದವರ ಮುಖ ನೋಡೋಕೆ ತಿರುಗಬೇಡಿ. ನಾನು ತಿರುಗಿದೆ. ಮೂರು ದಿನ ಎಡಗಡೆಗೆ ತಿರುಗೋಕಾಗಲಿಲ್ಲ.

ಹೆಗಲ ಮೇಲಿಂದ ಬರೋ ಹಿಡಿಕೆ 'ಕಟಕ್' ಅಂತ ಕೂರಲೇಬೇಕು. ಹೊಟ್ಟೆ ಅಡ್ಡ ಬಂದು ಕೂರದಿದ್ದರೆ ಇಳಿಸುತ್ತಾರೆ. ಅವಮಾನ ಅಂದುಕೊಳ್ಳಬೇಡಿ, ಉಸಿರು ಎಳೆದು ಒಳಗೆ ತೂರಿಸೋ ಸಾಹಸವೂ ಬೇಡ.

ನಾಲ್ಕು ಇಡ್ಲಿಯವನು ರಿಕಾಯ್ಲ್ ಇಳಿದು, ಗೋಡೆಗೆ ಒರಗಿ, ತನಗೆ ಏನೂ ಆಗಿಲ್ಲ ಅಂದ. ನಂತರದ ಇಪ್ಪತ್ತು ನಿಮಿಷ ಬಾತ್‌ರೂಮಿನಲ್ಲಿದ್ದ. ಅವನ ಚೀಲದಲ್ಲಿದ್ದ ಶುಂಠಿ ಚೂರು, ಒಂದು ಲೋಟ ನಿಂಬೆಹಣ್ಣಿನ ಪಾನಕ, ನೆರಳಲ್ಲಿ ಅರ್ಧ ಗಂಟೆ. ಅಷ್ಟರಲ್ಲಿ ಸರಿಯಾದ.

ಎರಡು ತಿರುಗೋ ರೈಡ್‌ಗಳ ನಡುವೆ ಕಾಲು ಗಂಟೆ ಬಿಡಿ. ರೋಲರ್ ಕೋಸ್ಟರಿನಲ್ಲಿ ಕಣ್ಣು ತೆರೆದು ದೂರಕ್ಕೆ ನೋಡಿದರೆ ವಾಸಿ. ದೊಡ್ಡ ಪರದೆಯ ಮುಂದೆ ಹಾರಿದ ಹಾಗೆ ಮಾಡೋ ರೈಡಿನಲ್ಲಿ ಉಲ್ಟಾ: ತೊಳಸಿದರೆ ಒಂದು ಕ್ಷಣ ಕಣ್ಣು ಮುಚ್ಚಿ. ಪರದೆ ಓಡುತ್ತದೆ, ನೀವು ಅಷ್ಟಾಗಿ ಓಡುತ್ತಿರುವುದಿಲ್ಲ, ಗೊಂದಲ ಅಲ್ಲಿಂದ ಶುರು.

ಊಟ ಹನ್ನೆರಡೂವರೆಗೆ ಮುಂಚೆ ಮಾಡಿ, ಇಲ್ಲ ಎರಡರ ಮೇಲೆ. ಹೊರಗಿನ ತಿಂಡಿ ಬಿಡುವುದಿಲ್ಲ. ಮೊಸರನ್ನ, ಮಜ್ಜಿಗೆ ತರದ್ದು ತಿಂದವರು ಮಧ್ಯಾಹ್ನ ಚುರುಕಾಗಿದ್ದರು. ಬಿರಿಯಾನಿ ತಿಂದವರು ಬೆಂಚಿನ ಮೇಲೆ ಒರಗಿದರು.

ಊಟ ಆದ ಮೇಲೆ ನೀರು. ಇಲ್ಲಿ ಅವಸರ ಬೇಡ. ವೇವ್ ಪೂಲ್, ರೈನ್ ಡಿಸ್ಕೊ ಇವಕ್ಕೆಲ್ಲ ನಿಗದಿ ಸಮಯ ಇರುತ್ತದೆ, ಒಳಗೆ ಬಂದ ಕೂಡಲೇ ಬೋರ್ಡ್ ನೋಡಿಕೊಂಡಿರಿ. ನನಗೆ ಕೇಳಿದರೆ, ಹಳೇ ಗೆಳೆಯರ ಗುಂಪಿಗೆ ಇಡೀ ಪಾರ್ಕಿನಲ್ಲಿ ಒಳ್ಳೇ ಜಾಗ ಲೇಜಿ ರಿವರ್. ಟ್ಯೂಬಿನಲ್ಲಿ ಕೂತು ಒಬ್ಬರ ಕಾಲು ಇನ್ನೊಬ್ಬರು ಹಿಡಿದುಕೊಂಡರೆ ನೀರೇ ಸುತ್ತಿಸುತ್ತದೆ. ಯಾರಿಗೆ ಕೆಲಸ ಹೋಗಿತ್ತು, ಯಾರ ಅಪ್ಪನಿಗೆ ಹುಷಾರಿರಲಿಲ್ಲ, ಎಲ್ಲ ನಮಗೆ ಗೊತ್ತಾಗಿದ್ದು ಅಲ್ಲೇ. ನಾಲ್ಕು ಸುತ್ತು ಹಾಕಿದೆವು. ಆ ಹೊತ್ತಿನಲ್ಲಿ ಎರಡು ದೊಡ್ಡ ಜಾರುಬಂಡಿ ತಪ್ಪಿದವು ಅಂತ ಇಬ್ಬರು ಗೊಣಗಿದರು. ಗೊಣಗಲಿ.

ರೈನ್ ಡಿಸ್ಕೊದಲ್ಲಿ ಬೆಚ್ಚಗಿನ ನೀರು ಮಳೆಯ ಹಾಗೆ ಸುರಿಯುತ್ತದೆ, ಬಣ್ಣದ ದೀಪ, ಕಿವಿಗಡಚಿಕ್ಕುವ ಹಾಡು. ನೆಲ ಜಾರುತ್ತದೆ, ಕುಣಿಯೋವಾಗ ಮಂಡಿ ಮೇಲೆ ಕರುಣೆ ಇರಲಿ. ನಮ್ಮ ಬಿಪಿ ಗೆಳೆಯ ಇಡೀ ದಿನದ ಸೇಡು ಅಲ್ಲಿ ತೀರಿಸಿಕೊಂಡ. ಹುಡುಗರು ಜಾಗ ಬಿಟ್ಟುಕೊಟ್ಟು ಸುತ್ತ ನಿಂತು ಚಪ್ಪಾಳೆ ಹೊಡೆದರು.

ಮುಚ್ಚೋಕೆ ಒಂದು ಗಂಟೆ ಮುಂಚೆ ನೀರಿನಿಂದ ಎದ್ದುಬಿಡಿ. ಕೊನೇ ಹೊತ್ತಿಗೆ ಬಟ್ಟೆ ಬದಲಿಸೋ ಜಾಗದಲ್ಲಿ ನೂಕುನುಗ್ಗಲು. ಒಣ ಬಟ್ಟೆ ಹಾಕಿಕೊಂಡು, ಕಾಫಿ ಕುಡಿದು, ಸ್ಕೈ ವ್ಹೀಲ್‌ಗೆ ಹೋಗಿ. ಗೋಪುರದ ತುದಿಯಲ್ಲಿರೋ ಜೈಂಟ್ ವ್ಹೀಲ್ ಅದು, ಸುಮಾರು 130 ಅಡಿ ಮೇಲೆ. ನಿಧಾನಕ್ಕೆ ತಿರುಗುತ್ತದೆ. ಸಂಜೆ ಬಿಸಿಲಿನಲ್ಲಿ ಫೋಟೊ ಚೆನ್ನಾಗಿ ಬರುತ್ತದೆ. ಹಗಲೆಲ್ಲ ಫೋನ್ ಲಾಕರಿನಲ್ಲಿದ್ದುದರಿಂದ ನಮ್ಮ ಪೂರ್ತಿ ದಿನದ ಫೋಟೊ ಅಂದರೆ ಅಲ್ಲಿ ತೆಗೆದವಷ್ಟೇ.

ಲೆಕ್ಕಪತ್ರ, ಗುಂಡು, ವಾಪಸ್ ದಾರಿ

ಒಬ್ಬರೇ ಖರ್ಚು ಮಾಡಲಿ, ರಾತ್ರಿ ಲೆಕ್ಕ ಹಾಕಿ ಹಂಚಿ. ಮ್ಯಾನೇಜರ್ ಇದ್ದಾಗ ನಮಗೆ ಆ ತಲೆನೋವಿರಲಿಲ್ಲ. ಪಾರ್ಕಿನೊಳಗೆ ಕುಡಿಯೋ ಹಾಗಿಲ್ಲ. ಕುಡಿದು ಬಂದವರು ರೈಡ್ ಹತ್ತೋದು ಮೂರ್ಖತನ. ರಾತ್ರಿ ಪಾರ್ಟಿ ಬೇಕೇ ಬೇಕು ಅನ್ನೋ ಗುಂಪಾದರೆ ಅಲ್ಲೇ ಹತ್ತಿರ ರೂಮ್ ಮಾಡಿ, ಯಾರೂ ಗಾಡಿ ಮುಟ್ಟಬೇಡಿ. ಪಾರ್ಕಿನ ಪಕ್ಕದಲ್ಲೇ ಅವರದೇ ರೆಸಾರ್ಟ್ ಇದೆ. ಬಿಡದಿ, ರಾಮನಗರದ ಕಡೆ ಹೋಂಸ್ಟೇಗಳೂ ಇವೆ. ಹುಬ್ಬಳ್ಳಿ, ಮಂಗಳೂರಿನಿಂದ ಬರೋರು ಇದ್ದರೆ ಒಂದು ರಾತ್ರಿ ಉಳಿಯೋದೇ ಸರಿ. ನಾವು ಉಳಿದೆವು. ಹನ್ನೆರಡು ಗಂಟೆವರೆಗೆ ಹರಟೆ ಅಂತ ಪ್ಲಾನ್ ಇತ್ತು. ಒಂಬತ್ತೂವರೆಗೆ ಎಲ್ಲರೂ ಗೊರಕೆ.

ಮಾರನೇ ದಿನ

ಮಾರನೇ ದಿನಕ್ಕೂ ರಜೆ ಹಾಕಿ. ಇದೊಂದನ್ನು ನಾನು ಒತ್ತಿ ಹೇಳುತ್ತೇನೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಯಾವ್ಯಾವ ಸ್ನಾಯು ಮೈಯಲ್ಲಿದೆ ಅಂತ ಒಂದೊಂದಾಗಿ ಗೊತ್ತಾಗುತ್ತದೆ. ಬಿಸಿ ನೀರಿನ ಸ್ನಾನ, ನಿಧಾನಕ್ಕೆ ತಿಂಡಿ, ಆಮೇಲೆ ನಡಿಗೆ ಕಡಿಮೆ ಇರೋ ಒಂದು ಜಾಗ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಒನಕೆ, ಬೀಸೋ ಕಲ್ಲು, ತೊಗಲು ಗೊಂಬೆ ನೋಡುತ್ತಾ ಮರದ ನೆರಳಲ್ಲಿ ಕಾಲ ಕಳೆಯಬಹುದು. ಮಂಗಳವಾರ ಅಲ್ಲಿ ರಜೆ, ಹಾಗಾಗಿ ಪಾರ್ಕಿಗೆ ಸೋಮವಾರ ಹೋಗೋ ಪ್ಲಾನ್ ಇದ್ದರೆ ನೋಡಿಕೊಳ್ಳಿ. ಇನ್ನೂ ಸ್ವಲ್ಪ ಮುಂದೆ ಚನ್ನಪಟ್ಟಣ, ಮಕ್ಕಳನ್ನು ಬಿಟ್ಟು ಬಂದ ತಪ್ಪಿಗೆ ಮರದ ಬುಗುರಿ, ಗಿಲಕಿ ಕೊಂಡುಕೊಂಡು ಹೋಗೋಕೆ.

ನಮ್ಮ ಮ್ಯಾನೇಜರ್ ಮಾತ್ರ ರಜೆ ಹಾಕಿರಲಿಲ್ಲ. ಮುಂಜಾನೆಯೇ ಎದ್ದು ಬೆಂಗಳೂರಿಗೆ ಓಡಿದಳು. ಹನ್ನೊಂದು ಗಂಟೆಗೆ ಗ್ರೂಪಿಗೆ ಒಂದು ಮೆಸೇಜ್ ಬಂತು: 'ಕತ್ತು ಅಲ್ಲಾಡಿಸೋಕೆ ಆಗ್ತಿಲ್ಲ ಕಣ್ರೋ. ಲೋನ್ ಕೇಳೋಕೆ ಬಂದೋರು, ನಾನು ಆಗಲ್ಲ ಅಂತ ತಲೆ ಆಡಿಸದೇ ಇದ್ದಿದ್ದಕ್ಕೆ ಸ್ಯಾಂಕ್ಷನ್ ಆಯ್ತು ಅಂದುಕೊಂಡು ಕೈ ಮುಗಿದು ಹೋದ್ರು.'